ಕ್ಲಬ್ಬಿನ ಕೊನೆಯ ಡೈರೆಕ್ಟರ್

ಹುಲ್ಲಪ್ಪ ಆ ಆರು ಕಾಗದಗಳಿಗೆ ಸಹಿ ಹಾಕಿದ್ದು ಹಣದ ಆಸೆಯಿಂದಲ್ಲ, ಹುಲ್ಲಿನ ಚಿಂತೆಯಿಂದ. ಈ ಮಾತನ್ನು ಅವನ ಹೆಂಡತಿ ನಂಬಲು ಆರು ವಾರ ಹಿಡಿಯಿತು. ಊರು ಇನ್ನೂ ನಂಬಿಲ್ಲ, ನಂಬುವ ಲಕ್ಷಣವೂ ಇಲ್ಲ.

ಹುಲ್ಲಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಊರಿನ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಮೂವತ್ತೊಂದು ವರ್ಷ ನೀರುಣಿಸಿ, ಹುಲ್ಲು ಕತ್ತರಿಸಿ, ಸುಣ್ಣದ ಗೆರೆ ಎಳೆದವನಿಗೆ ಪಂದ್ಯ ನೋಡಲು ಬರುವ ಜನ ಇಟ್ಟ ಅಡ್ಡಹೆಸರು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಕ್ಲಬ್ಬು ಸೋತು ಸುಣ್ಣವಾಗಿದ್ದಾಗ ಕಮಿಟಿಯವರು ಅದನ್ನು ಹೊಸ ಮಾಲೀಕನೊಬ್ಬನಿಗೆ ಮಾರಿದ್ದರು. ಹಳೆಯ ಕಾರುಗಳನ್ನು ಹೊಸದರಂತೆ ಮಾಡಿ ಮಾರಿ ದುಡ್ಡು ಕಂಡವನು ಅವನು. ಕ್ಲಬ್ಬಿಗೂ ಅದನ್ನೇ ಮಾಡುತ್ತಾನೆ ಎಂದು ಜನ ಸಂತೋಷಪಟ್ಟರು. ಕಾರು ಕೊಂಡವರನ್ನು ಹೋಗಿ ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಮಾಲೀಕ ಬಂದ ಹೊಸದರಲ್ಲಿ, ಕೆಲಸಗಾರರ ಪರವಾಗಿ ಒಬ್ಬ ಡೈರೆಕ್ಟರ್ ಇರಬೇಕು ಎಂದ. ಮೈದಾನದ ನಡುವೆ ಮೇಜು ಹಾಕಿಸಿ, ಫೋಟೋದವರನ್ನು ಕರೆಸಿ, ಹುಲ್ಲಪ್ಪನ ಕೊರಳಿಗೆ ಕ್ಲಬ್ಬಿನ ಶಾಲು ಹಾಕಿ, "ಇವರೇ ನಮ್ಮ ಕ್ಲಬ್ಬಿನ ಜೀವಾಳ" ಎಂದು ಬೆನ್ನು ತಟ್ಟಿದ. ಆದರೆ ಅದೇ ಜಾಗದಲ್ಲಿ ಹುಲ್ಲಪ್ಪ ಒಂಬತ್ತು ದಿನದ ಹಿಂದೆ ಬೀಜ ಬಿತ್ತಿದ್ದ. ಎಳೆ ಮೊಳಕೆ ಆಗಷ್ಟೇ ತಲೆಯೆತ್ತಿತ್ತು. ಅದರ ಮೇಲೆ ನಲವತ್ತು ಜನ ಬೂಟು ಹಾಕಿಕೊಂಡು ನಿಂತಿದ್ದರು. ಫೋಟೋದವನ ಹಿಮ್ಮಡಿ ಎರಡು ಬೆರಳಷ್ಟು ಒದ್ದೆ ಮಣ್ಣಿಗೆ ಇಳಿದಿತ್ತು. ಮಾಲೀಕ ಕಾಗದ ಒಂದೊಂದಾಗಿ ಸರಿಸುತ್ತಾ ಏನೋ ವಿವರಿಸುತ್ತಿದ್ದ. ಹುಲ್ಲಪ್ಪನ ಕಿವಿ ಅಲ್ಲಿರಲಿಲ್ಲ. "ಎಲ್ಲಿ? ಇಲ್ಲೇನಾ? ಇಲ್ಲೂನಾ?" ಎನ್ನುತ್ತಾ ಆರಕ್ಕೂ ಸರಸರನೆ ಸಹಿ ಎಳೆದು, ಎಲ್ಲರನ್ನೂ ಮೈದಾನದಿಂದ ಇಳಿಸಿ, ನೀರಿನ ಪೈಪು ತರಲು ಓಡಿದ.

ಆ ದಿನ ಮನೆಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಹೆಂಡತಿ ಅಲ್ಲಿದ್ದವರಿಗೆಲ್ಲ ಫೋಟೋ ತೋರಿಸಿ ಬಂದಳು. ಅಜ್ಜಿ, ಅಂದರೆ ಹುಲ್ಲಪ್ಪನ ತಾಯಿ, "ಡೈರೆಕ್ಟರ್ ಅಂದ್ರೆ ಸಿನಿಮಾದ್ದೇನೋ?" ಎಂದು ಕೇಳಿದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಫೋಟೋಗೆ ಚೌಕಟ್ಟು ಹಾಕಿಸಿದಳು.

ಏಳು ತಿಂಗಳ ಮೇಲೆ ಒಂದು ಮಂಗಳವಾರ ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಮಗಳು ಅಂದಿನ ಟಪಾಲು ಒಡೆದು ಓದತೊಡಗಿದಳು. ಅರ್ಧಕ್ಕೆ ಬಂದು ನಿಲ್ಲಿಸಿದಳು.

"ಅಪ್ಪಾ, ಫ್ಲಡ್‌ಲೈಟಿನ ಸಾಲಕ್ಕೆ ನೀನು ಜಾಮೀನು ಹಾಕಿದ್ದೀಯಾ?"

"ನಾನ್ಯಾಕೆ ಹಾಕ್ಲಿ? ಲೈಟು ಕ್ಲಬ್ಬಿಂದು."

"ನಿನ್ನ ಸಹಿ ಇದೆ. ಈ ಮನೆ ನಂಬರ್ ಇದೆ. ಮಾಲೀಕರು ಆರು ತಿಂಗಳಿಂದ ಕಂತು ಕಟ್ಟಿಲ್ಲವಂತೆ. ಕಟ್ಟದಿದ್ರೆ ಮನೆ ಹರಾಜು ಅಂತ ಬರೆದಿದ್ದಾರೆ."

ಹೆಂಡತಿ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ನಮ್ಮನೆ ನಂಬರ್ ಅವರಿಗೆ ಹೇಗ್ರೀ ಸಿಕ್ತು?"

ಹುಲ್ಲಪ್ಪನಿಗೆ ಆಗ ನೆನಪಾಯಿತು. ಬಹಳ ಹಿಂದೆ ಚಾವಣಿ ರಿಪೇರಿಗೆಂದು ಕ್ಲಬ್ಬಿನಿಂದ ಮುಂಗಡ ಪಡೆದಿದ್ದ. ಆಗ ಆಫೀಸಿನವರು ಮನೆಪತ್ರದ ನಕಲು ಕೇಳಿದ್ದರು. ಮುಂಗಡ ತೀರಿತ್ತು, ನಕಲು ಅಲ್ಲೇ ಉಳಿದಿತ್ತು.

"ಸಹಿ ಹಾಕೋವಾಗ ಓದಲಿಲ್ವಾ?"

"ಅವರೆಲ್ಲ ಬೀಜದ ಮೇಲೆ ನಿಂತಿದ್ರು ಕಣೇ. ಬೇಗ ಇಳಿಸ್ಬೇಕಾಗಿತ್ತು."

"ಹುಲ್ಲು ಉಳೀಲಿ ಅಂತ ಮನೆ ಬರೆದುಕೊಟ್ರಾ?"

"ಬರೆದುಕೊಟ್ಟಿಲ್ಲ. ಸಹಿ ಹಾಕಿದ್ದು."

"ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡು ಬಂದಿದ್ದೀರಿ, ಅದಕ್ಕೆ ಬೇರೆ ಹೆಸರು ಹುಡುಕ್ತಿದ್ದೀರಿ."

ಮಗಳು ಕಾಗದ ಮಡಚಿದಳು. "ದಿನಾ ಊರವರನ್ನೆಲ್ಲ ಕೂರಿಸಿ ಸಣ್ಣ ಅಕ್ಷರ ಓದಿಸ್ತೀನಿ ನಾನು. ನಮ್ಮನೇಲೇ ಓದೋರಿಲ್ಲ."

ಅಜ್ಜಿಗೆ ಕಿವಿ ಮಂದ. ಎಲ್ಲರೂ ಊಟ ಬಿಟ್ಟದ್ದು ನೋಡಿ, "ಯಾಕೆ, ಉಪ್ಪು ಹೆಚ್ಚಾಯ್ತಾ?" ಎಂದಳು. ಯಾರೂ ಅವಳಿಗೆ ಹೇಳಲಿಲ್ಲ. ಹೇಳಬಾರದೆಂದು ಆಮೇಲೆ ಮೂವರೂ ಮಾತಾಡಿಕೊಂಡರು.

ಮರುದಿನ ಹುಲ್ಲಪ್ಪ ಮಾಲೀಕನಿಗೆ ಹನ್ನೊಂದು ಸಲ ಫೋನು ಮಾಡಿದ. ಹನ್ನೆರಡನೆಯ ಸಲಕ್ಕೆ ಆ ನಂಬರೇ ಇಲ್ಲವೆಂದು ಬಂತು. ಕ್ಲಬ್ಬಿನ ಆಫೀಸಿಗೆ ಹೋದರೆ ಲೆಕ್ಕ ಬರೆಯುವವರ ಕೋಣೆಯಿಂದ ಇಬ್ಬರು ಕುರ್ಚಿಗಳನ್ನು ಹೊತ್ತು ಹೊರಗೆ ತರುತ್ತಿದ್ದರು. ಯಾರು ಕಳಿಸಿದರೆಂದು ಕೇಳಿದರೆ, "ಕುರ್ಚಿ ಬಾಡಿಗೇದು ಸ್ವಾಮಿ, ವಾಪಸ್ ತಗೊಂಡು ಹೋಗ್ತಿದ್ದೀವಿ" ಎಂದರು. ಆಟಗಾರರು ಮಾತ್ರ ಮೈದಾನದಲ್ಲಿ ಓಡುತ್ತಿದ್ದರು. ಅವರಿಗೂ ಮೂರು ತಿಂಗಳಿಂದ ಸಂಬಳವಿರಲಿಲ್ಲ. ಲೀಗಿನ ಪಂದ್ಯಗಳು ಇನ್ನೂ ಆರು ಬಾಕಿ ಇದ್ದವು.

ಹುಲ್ಲಪ್ಪ ಆವತ್ತೂ ಹುಲ್ಲು ಕತ್ತರಿಸಿ ಬಂದ. ಮರುದಿನವೂ ಹೋದ. ಮೂರನೆಯ ದಿನ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಕೆಲಸಕ್ಕೆ."

"ಸಂಬಳ ಕೊಡೋನಿಲ್ಲ, ಬೈಯೋನಿಲ್ಲ, ಯಾವ ಕೆಲಸ? ಮಷೀನಿಗೆ ಪೆಟ್ರೋಲು ಯಾರು ಹಾಕಿದ್ದು ನಿನ್ನೆ?"

ಹುಲ್ಲಪ್ಪ ಚಪ್ಪಲಿ ಮೆಟ್ಟಿಕೊಂಡ.

"ನನ್ನ ಪರ್ಸಿಂದ ತಗೊಂಡ್ರಿ ತಾನೆ? ಹೇಳಿ."

"ಒಂದು ವಾರ ಬಿಟ್ರೆ ಹುಲ್ಲು ಮೊಣಕಾಲಿಗೆ ಬರುತ್ತೆ."

"ಬರಲಿ. ನಾಳೆ ಬೀದಿಗೆ ಬಿದ್ರೆ ಮಲಗೋದಕ್ಕೆ ಮೆತ್ತಗಿರುತ್ತೆ."

ಅವಳ ಬಾಯಿ ಜೋರಿತ್ತು, ಕೈ ಬಾಗಿಲ ಚಿಲಕ ಬಿಡಲಿಲ್ಲ. ಆ ಮನೆಯಲ್ಲಿ ಆಗ ಯಾರಿಗೆ ಹೆದರಿಕೆ ಹೆಚ್ಚು ಎಂದು ಕೇಳಿದರೆ ಅವಳಿಗೇ. ಅವಳು ಬಾಡಿಗೆ ಮನೆಗಳಲ್ಲಿ ಬೆಳೆದವಳು. ಮದುವೆಗೆ ಮೊದಲು ಏಳು ಮನೆ ಬದಲಾಯಿಸಿದ್ದಳು, ಅದರಲ್ಲಿ ಎರಡು ಸಲ ಸಾಮಾನು ಬೀದಿಯಲ್ಲಿದ್ದದ್ದನ್ನು ಕಂಡಿದ್ದಳು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಹಾಕುವಷ್ಟು ಅಂಗಳ ಇದ್ದ ಈ ಮನೆಯನ್ನು ನೋಡಿಯೇ ಹುಲ್ಲಪ್ಪನನ್ನು ಒಪ್ಪಿದ್ದು ಎಂದು ಅವಳೇ ನಗುತ್ತಾ ಹೇಳುತ್ತಿದ್ದ ಕಾಲವೊಂದಿತ್ತು.

ಎರಡನೆಯ ವಾರದಿಂದ ಸಾಲದ ಕಂಪನಿಯವರು ಮನೆಗೇ ಬರತೊಡಗಿದರು. ಕೂಗಾಡುವವರಲ್ಲ, ಇಸ್ತ್ರಿ ಮಾಡಿದ ಅಂಗಿಯವರು. ಬೆಲ್ ಒತ್ತಿ, ಎರಡು ನಿಮಿಷ ಕಾದು, ಬಾಗಿಲಿಗೆ ಚೀಟಿ ಅಂಟಿಸಿ ಹೋಗುವರು. ಕೂಗಾಡಿದ್ದರೆ ಇವರೂ ತಿರುಗಿ ಕೂಗಾಡಬಹುದಿತ್ತು. ಮಗಳು ಬೆಲ್ಲಿನ ತಂತಿ ಕಿತ್ತಳು. ಆಮೇಲೆ ಅವರು ಬಾಗಿಲು ತಟ್ಟತೊಡಗಿದರು. ಮುಂದಿನ ಕೋಣೆಗೆ ಪರದೆ ಎಳೆದು, ಎಲ್ಲರೂ ಹಿಂದಿನ ಅಡುಗೆಮನೆಯಲ್ಲೇ ಊಟ, ಅಲ್ಲೇ ಮಾತು, ಅಲ್ಲೇ ಜಗಳ. ಚಮಚ ತಟ್ಟೆಗೆ ತಗುಲಿದರೂ ಹೆಂಡತಿ ಬೆಚ್ಚುವಳು.

"ನಾವೇನು ಕದ್ದಿದ್ದೀವಾ, ಹೀಗೆ ಅಡಗಿಕೊಂಡು ಕೂರೋಕೆ?" ಎಂದು ಮಗಳು ಒಂದು ದಿನ ಸಿಡುಕಿದಳು.

"ಮೆಲ್ಲಗೆ ಮಾತಾಡೇ."

"ಅಮ್ಮಾ, ಬೀದೀಲಿ ಯಾರೂ ಇಲ್ಲ."

"ಇಲ್ಲ ಅಂತ ನಿನಗೇನು ಗೊತ್ತು? ನೋಡಿ ಬಂದ್ಯಾ?"

ಮಗಳು ನೋಡಿ ಬಂದಿರಲಿಲ್ಲ. ಎದ್ದು ಹೋಗಿ ಪರದೆ ಸರಿಸಿ ನೋಡುವ ಧೈರ್ಯ ಅವಳಿಗೂ ಇರಲಿಲ್ಲ.

ಇಷ್ಟೆಲ್ಲ ಕಾಪಾಡಿಕೊಂಡರೂ ಅಜ್ಜಿಯನ್ನು ಕಾಯುವುದು ಮರೆತರು. ಮನೆಗೆ ಯಾರಾದರೂ ಬಂದರೆ ಅಜ್ಜಿಗೆ ಹಬ್ಬ. ಮೂರನೆಯ ವಾರದ ಶನಿವಾರ ಮಧ್ಯಾಹ್ನ ಎಲ್ಲರೂ ಅಡುಗೆಮನೆಯಲ್ಲಿ ಅನ್ನ, ಬೇಯಿಸಿದ ಆಲೂಗಡ್ಡೆ ಹಾಕಿಕೊಂಡು ಕೂತಿದ್ದಾಗ, ಅಜ್ಜಿ ಮುಂಬಾಗಿಲು ತೆರೆದು ಒಬ್ಬನನ್ನು ಒಳಗೆ ಕರೆದುಕೊಂಡು ಬಂದಳು.

"ನೋಡ್ರೋ, ಯಾರೋ ಬಂದಿದ್ದಾರೆ. ಬಿಸಿಲಲ್ಲಿ ನಿಂತಿದ್ರು ಪಾಪ."

ಬಂದವನು ಅಳತೆಯವನು. ಕೈಯಲ್ಲಿ ಟೇಪು, ಕಂಕುಳಲ್ಲಿ ಪ್ಯಾಡು. "ಊಟ ಮಾಡಿ, ಊಟ ಮಾಡಿ, ನನ್ನಿಂದ ತೊಂದರೆ ಇಲ್ಲ" ಎಂದು ಹೇಳಿ ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟ. ಹರಾಜಿಗೆ ಮುಂಚೆ ಮನೆಯ ಅಳತೆ ಬರೆದುಕೊಳ್ಳುವುದು ಅವನ ಕೆಲಸ. ಮುಂದಿನ ಕೋಣೆ ಅಳೆದ. ಮಲಗುವ ಕೋಣೆ ಅಳೆದ. ಅಡುಗೆಮನೆಗೆ ಬಂದಾಗ ಊಟದ ಮೇಜು ಗೋಡೆಗೆ ತಾಗಿತ್ತು.

"ಸ್ವಲ್ಪ ಕಾಲು ಎತ್ತಿಕೊಳ್ತೀರಾ, ಅಮ್ಮಾ?"

ಹೆಂಡತಿ ಕಾಲು ಎತ್ತಿಕೊಂಡಳು. ಅವಳ ಕಾಲ ಕೆಳಗೆ ಟೇಪು ಸರಿದು ಗೋಡೆಗೆ ಮುಟ್ಟಿತು. ಬಾಯಿಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಹಾಗೇ ಕೂತಿದ್ದಳು.

"ಏನು ಅಳೀತಿದ್ದೀರಪ್ಪಾ, ಬಣ್ಣ ಹೊಡೆಸೋಕಾ?" ಅಜ್ಜಿ ಕೇಳಿದಳು.

ಅಳತೆಯವನು ಹುಲ್ಲಪ್ಪನ ಮುಖ ನೋಡಿದ. ಹುಲ್ಲಪ್ಪ ತಟ್ಟೆ ನೋಡಿದ. ಅಳತೆಯವನು ಸುಳ್ಳು ಹೇಳುವುದಕ್ಕೆ ಸಂಬಳ ಪಡೆಯುವವನಲ್ಲ. ಅಜ್ಜಿಯ ಕಿವಿಯ ಹತ್ತಿರ ಬಾಗಿ, ಸ್ಪಷ್ಟವಾಗಿ, "ಹರಾಜಿಗೆ, ಅಜ್ಜಿ. ಮುಂದಿನ ತಿಂಗಳು ಇಪ್ಪತ್ತಕ್ಕೆ" ಎಂದ.

ಆವತ್ತಿನಿಂದ ಅಜ್ಜಿ ಮಾತು ಕಡಿಮೆ ಮಾಡಿದಳು.

ಸೋಮವಾರ ಮಗಳು ರಜೆ ಹಾಕಿ ಕಂಪನಿಗಳ ದಾಖಲೆ ಇಡುವ ಕಚೇರಿಗೆ ಹೋದಳು. ಅಲ್ಲಿಂದ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲೆಯೊಬ್ಬಳ ಹತ್ತಿರ ಹೋದಳು. ಸಂಜೆ ಬಂದು ಚಹಾ ಕೂಡ ಕುಡಿಯದೆ ಅಡುಗೆಮನೆಯ ಬಾಗಿಲು ಹಾಕಿದಳು.

"ಅಪ್ಪಾ, ಮಾಲೀಕರು ಎರಡು ತಿಂಗಳ ಹಿಂದೆಯೇ ಡೈರೆಕ್ಟರ್‌ಗಿರಿಗೆ ರಾಜೀನಾಮೆ ಕೊಟ್ಟಿದ್ದಾರೆ. ಅವರ ತಮ್ಮನೂ ಕೊಟ್ಟಿದ್ದಾನೆ. ಲೆಕ್ಕದವರೂ ಕೊಟ್ಟಿದ್ದಾರೆ. ಮೂವರೂ ಒಂದೇ ದಿನ."

"ಹಾಗಾದ್ರೆ ನಾನೂ ಕೊಡ್ತೀನಿ."

"ಆಗಲ್ಲ. ಕೊನೆಯವನು ಬಿಡೋ ಹಾಗಿಲ್ಲ. ಈಗ ಕ್ಲಬ್ಬಿಗೆ ಇರೋದು ನೀನೊಬ್ಬನೇ ಡೈರೆಕ್ಟರ್."

ಹುಲ್ಲಪ್ಪ ಹೆಂಡತಿಯ ಕಡೆ ನೋಡಿದ. ಅವಳಿಗೆ ನಗು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದು ಬರೀ ಕೆಮ್ಮಾಯಿತು.

ವಕೀಲೆ ಹೇಳಿದ್ದು ಇಷ್ಟು. ಕ್ಲಬ್ಬು ಬದುಕಿರುವ ತನಕ ಸಾಲದವರು ಮೈದಾನ ಮುಟ್ಟುವಂತಿಲ್ಲ, ಆದ್ದರಿಂದ ಜಾಮೀನಿನ ಮನೆಗೆ ಕೈ ಹಾಕುತ್ತಾರೆ. ಕ್ಲಬ್ಬನ್ನು ಮುಚ್ಚುತ್ತೇವೆಂದು ಡೈರೆಕ್ಟರ್ ಅರ್ಜಿ ಕೊಟ್ಟರೆ ಸರ್ಕಾರದ ಅಧಿಕಾರಿ ಮೈದಾನ ಮಾರಿ, ಆ ದುಡ್ಡಿನಲ್ಲಿ ಸಾಲ ತೀರಿಸಿ, ಕೆಲಸಗಾರರ ಸಂಬಳವನ್ನೂ ಕೊಡುತ್ತಾನೆ. ಮನೆ ಉಳಿಯುತ್ತದೆ. ಅರ್ಜಿ ಇಪ್ಪತ್ತನೆಯ ತಾರೀಖಿನ ಮೊದಲು ಕೊಡಬೇಕು.

"ಮೈದಾನ ಮಾರಿದ ಮೇಲೆ?" ಹುಲ್ಲಪ್ಪ ಕೇಳಿದ.

"ಗೋದಾಮು ಕಟ್ಟೋರು ಆಗಲೇ ಕಾಯ್ತಿದ್ದಾರಂತೆ."

"ಎಂಬತ್ತೆಂಟು ವರ್ಷದ ಕ್ಲಬ್ಬು ಕಣೇ."

"ನನಗೆ ಗೊತ್ತು ಅಪ್ಪಾ."

"ನಾನು ಸಹಿ ಹಾಕಿ ಮುಚ್ಚಬೇಕಾ?"

"ನೀನೇ ಹಾಕಬೇಕು. ಬೇರೆ ಯಾರೂ ಇಲ್ಲ."

"ನಾಳೆನೇ ಹೋಗಿ ಹಾಕಿ ಬನ್ನಿ" ಎಂದಳು ಹೆಂಡತಿ.

ಹುಲ್ಲಪ್ಪ ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ಮೈದಾನಕ್ಕೆ ಹೋಗಿ ಗೋಲಿನ ಬಲೆಗೆ ಹೊಲಿಗೆ ಹಾಕಿ ಬಂದ. ಊರು ಸಣ್ಣದಲ್ಲದಿದ್ದರೂ ಸುದ್ದಿಗೆ ಊರು ಯಾವಾಗಲೂ ಸಣ್ಣದೇ. ನಾಲ್ಕನೆಯ ವಾರ ಡ್ರಮ್ಮಿನ ಮೇಷ್ಟ್ರು ಮನೆಗೆ ಬಂದರು.

ಇವರು ನಿವೃತ್ತ ಶಾಲಾಮೇಷ್ಟ್ರು. ಪ್ರತಿ ಪಂದ್ಯಕ್ಕೂ ಪೂರ್ವದ ಗ್ಯಾಲರಿಯಲ್ಲಿ ಡ್ರಮ್ಮು ಬಾರಿಸುವವರು. ಹುಲ್ಲಪ್ಪ ಚಿಕ್ಕವನಿದ್ದಾಗ ಅವನಿಗೆ ಲೆಕ್ಕ ಹೇಳಿಕೊಟ್ಟವರು ಕೂಡ. ಇಷ್ಟು ದಿನದಲ್ಲಿ ಬಾಗಿಲು ತಟ್ಟಿ, ತಾವು ಯಾರೆಂದು ಕೂಗಿ ಹೇಳಿದವರು ಅವರೊಬ್ಬರೇ. ಅದಕ್ಕೇ ಬಾಗಿಲು ತೆರೆಯಿತು.

"ಮೂರು ವಾರ ಕೊಡು" ಎಂದರು ಕೂತವರೇ. "ಅಭಿಮಾನಿಗಳೆಲ್ಲ ಸೇರಿ ದುಡ್ಡು ಕೂಡಿಸ್ತಿದ್ದೀವಿ. ಸಾಲ ತೀರಿಸಿ ಕ್ಲಬ್ಬು ನಾವೇ ಕೊಳ್ತೀವಿ. ಇನ್ಮೇಲೆ ಯಾವ ಮಾಲೀಕನೂ ಬೇಡ."

"ಹರಾಜು ಎರಡೇ ವಾರಕ್ಕಿದೆ, ಮೇಷ್ಟ್ರೇ."

"ಹರಾಜು ಅಂದ ತಕ್ಷಣ ಆಗಿಬಿಡುತ್ತೇನಯ್ಯಾ? ಮುಂದಕ್ಕೆ ಹಾಕ್ತಾರೆ. ಎಲ್ಲಾ ಕಡೆ ಹಾಗೇ."

ಚಹಾ ತಂದ ಹೆಂಡತಿ ಲೋಟ ಇಟ್ಟು ಅಲ್ಲೇ ನಿಂತಳು. "ನಿಮ್ಮ ಮನೇನ ಹರಾಜಿಗಿಟ್ಟು ಮೂರು ವಾರ ಕಾದು ನೋಡಿ, ಮೇಷ್ಟ್ರೇ. ಆಮೇಲೆ ಹೇಳಿ."

"ನಂದು ಬಾಡಿಗೆ ಮನೆ, ತಾಯಿ."

"ಅದಕ್ಕೇ."

ಮೇಷ್ಟ್ರು ಚಹಾ ಮುಗಿಸಿ ಎದ್ದರು. ಹೊರಡುವಾಗ ಹುಲ್ಲಪ್ಪನ ಭುಜ ಹಿಡಿದು, "ನಾನು ಒತ್ತಾಯ ಮಾಡಲ್ಲ. ಆದ್ರೆ ನೀನು ಮುಚ್ಚಿದೆ ಅಂದ್ರೆ ಮುಚ್ಚಿದ್ದು ನೀನೇ ಆಗ್ತೀಯ. ಓಡಿಹೋದವನ ಹೆಸರು ಜನ ಮರೆತುಬಿಡ್ತಾರೆ" ಎಂದರು. ಬೆದರಿಸಲು ಹೇಳಿದ್ದಲ್ಲ. ಹುಲ್ಲಪ್ಪನಿಗೆ ಮಾತ್ರ ಬೆದರಿಕೆಯಂತೆಯೇ ಕೇಳಿಸಿತು.

ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

"ಮೂರು ವಾರ ನೋಡೋಣ" ಎಂದ ಹುಲ್ಲಪ್ಪ.

"ಯಾರ ಮನೆ ಇಟ್ಕೊಂಡು ನೋಡ್ತೀರಿ?"

"ಮೂವತ್ತೊಂದು ವರ್ಷ ಕಣೇ. ನಮ್ಮಪ್ಪ ಗೇಟಲ್ಲಿ ಟಿಕೆಟ್ ಹರೀತಿದ್ದ."

"ನಿಮ್ಮಪ್ಪ ಟಿಕೆಟ್ ಹರಿದು ಈ ಮನೆ ಕಟ್ಟಿದ್ರು. ನೀವು ಇದನ್ನೇ ಹರೀತಿದ್ದೀರಿ."

"ಜನ ಏನಂತಾರೆ?"

"ಜನ ಬಂದು ನಮ್ಮ ಪಾತ್ರೆ ಹೊರ್ತಾರಾ? ಹೇಳಿ. ಆ ಮೇಷ್ಟ್ರು ಹೊರ್ತಾರಾ?"

ಮಗಳು ನಡುವೆ ಬಂದಳು. "ಅಮ್ಮಾ, ಅವರು ದುಡ್ಡು ಸೇರಿಸಿದ್ರೆ ಎರಡೂ ಉಳಿಯುತ್ತೆ."

"ಸೇರಿಸದಿದ್ರೆ?"

ಮಗಳು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳ ಕನ್ನಡಕದ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಕ್ಲಬ್ಬಿನ ಅಭಿಮಾನಿಗಳು. ಕಣ್ಣು ಪರೀಕ್ಷೆಗೆ ಕೂತವರು ಅಕ್ಷರ ಓದುವುದು ಬಿಟ್ಟು, "ನಿಮ್ಮಪ್ಪ ಸಹಿ ಹಾಕ್ತಾರಾ?" ಎಂದು ಕೇಳುತ್ತಿದ್ದರು. ಹಾಕುತ್ತಾನೆಂದರೆ ಅವರ ಹೆದರಿಕೆ, ಇಲ್ಲವೆಂದರೆ ತಾಯಿಯ ಹೆದರಿಕೆ. ಅವಳು ಎರಡರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಗಿದ್ದಳು.

ಆ ರಾತ್ರಿಯಿಂದ ಹೆಂಡತಿ ಗಂಡನೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. "ಊಟ ಇಟ್ಟಿದೆ." "ಇವತ್ತಿಗೆ ಇನ್ನು ಒಂಬತ್ತು ದಿನ." "ಇವತ್ತಿಗೆ ಎಂಟು." ಹುಲ್ಲಪ್ಪ ಉಂಡು ಏಳುತ್ತಿದ್ದ. ಮೈದಾನದಲ್ಲಿದ್ದರೆ ಮನೆಯ ಭಯ, ಮನೆಯಲ್ಲಿದ್ದರೆ ಮೈದಾನದ ಭಯ.

ಇನ್ನು ಆರು ದಿನ ಉಳಿದಿದ್ದಾಗ, ಮಧ್ಯಾಹ್ನ ಮೂರಕ್ಕೆ ಹೆಂಡತಿ ಆಸ್ಪತ್ರೆಯಿಂದ ಬರುತ್ತಾಳೆ, ಬೀದಿಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಅಜ್ಜಿ ಕೂತಿದ್ದಾಳೆ. ಪಕ್ಕದಲ್ಲಿ ಎರಡು ಗಂಟು. ಒಂದರಲ್ಲಿ ಕಂಬಳಿ, ಬಟ್ಟೆ. ಇನ್ನೊಂದರಲ್ಲಿ ಮಾತ್ರೆಗಳು, ಬಿಸಿನೀರಿನ ಫ್ಲಾಸ್ಕು, ಗಂಡನ ಫೋಟೋ. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಅತ್ತೆ, ಏನಿದು? ಒಳಗೆ ಬನ್ನಿ."

"ಬೇಡಮ್ಮ. ಅವರು ಬಂದಾಗ ಎಳೆದು ಹೊರಗೆ ಹಾಕೋದು ಬೇಡ. ಮೊದಲೇ ಬಂದು ಕೂತಿದ್ದೀನಿ."

"ಇವತ್ತಲ್ಲ ಅತ್ತೆ, ಇಪ್ಪತ್ತಕ್ಕೆ."

"ಇವತ್ತು ಎಷ್ಟು?"

"ಹದಿನಾಲ್ಕು."

"ಹಾಗಾ? ನನಗೆ ಲೆಕ್ಕ ತಪ್ಪಿದೆ. ನೀನು ದಿನಾ ಗೋಡೆಗೆ ಹೇಳ್ತಿದ್ದೆಯಲ್ಲ, ನನಗೆ ಸರಿಯಾಗಿ ಕೇಳಿಸಲಿಲ್ಲ."

ಹೆಂಡತಿ ಎಷ್ಟು ಎಳೆದರೂ ಅಜ್ಜಿ ಏಳಲಿಲ್ಲ. ಕೊನೆಗೆ ಮೈದಾನಕ್ಕೆ ಫೋನು ಹೋಯಿತು. ಹುಲ್ಲಪ್ಪ ಓಡಿ ಬಂದ. ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ನಡಿ ಒಳಗೆ."

"ಬೆಳಿಗ್ಗೆಯಿಂದ ಇಲ್ಲೇ ಇದ್ದೀನಿ ಮಗಾ. ಎದುರು ಮನೆಯವಳು ನೀರು ಕೊಟ್ಟಳು. ಪರವಾಗಿಲ್ಲ, ಅಭ್ಯಾಸ ಆಗುತ್ತೆ."

ಅಜ್ಜಿ ನಕ್ಕಳು. ಗಂಡನ ಫೋಟೋ ಇದ್ದ ಗಂಟನ್ನು ಮಾತ್ರ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು, ಮಗ ಮುಟ್ಟಿದರೂ ಬಿಡಲಿಲ್ಲ. ಬೀದಿಯನ್ನೆಲ್ಲ ಬಾಯಿಮಾಡಿ ಆಳಿದವಳು. ಅವಳು ಹೆದರಿದ್ದನ್ನು ಹುಲ್ಲಪ್ಪ ತನ್ನ ಐವತ್ತನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

ಅವನು ತಾಯಿಯನ್ನು ಕುರ್ಚಿಯ ಸಮೇತ ಎತ್ತಿ ಒಳಗೆ ತಂದ. ಗಂಟು ಬಿಚ್ಚಿದ. ಮಾತ್ರೆಗಳನ್ನು ಕಿಟಕಿಯ ಬಳಿ ಮೊದಲಿನ ಜಾಗದಲ್ಲಿ ಜೋಡಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಾಳೆ ರಜೆ ಹಾಕು. ಕಚೇರಿಗೆ ಹೋಗೋಣ" ಎಂದ.

"ನಾನ್ಯಾಕೆ?" ಹತ್ತು ದಿನದ ಮೇಲೆ ಅವಳು ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ಒಬ್ಬನೇ ಹೋಗೋಕೆ ಭಯ ಆಗುತ್ತೆ."

ಕ್ಲಬ್ಬು ಮುಚ್ಚುವ ಅರ್ಜಿಯನ್ನೂ ಹರಾಜಿನ ತಕರಾರನ್ನೂ ನೋಡುವ ಸರ್ಕಾರಿ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಮೆಟ್ಟಿಲು. ಐದನೇ ನಂಬರಿನ ಕಿಟಕಿಯ ಗುಮಾಸ್ತ ಅರ್ಜಿ ಕೊಟ್ಟ. ಹುಲ್ಲಪ್ಪ ಅದನ್ನು ಬೆಂಚಿನ ಮೇಲೆ ಕೂತು ಮೊದಲಿನಿಂದ ಕೊನೆಯ ತನಕ ಓದಿದ. ತಿಳಿಯದ್ದನ್ನು ಎರಡು ಸಲ ಎದ್ದು ಹೋಗಿ ಕೇಳಿದ. ಮೂರನೆಯ ಪುಟದಲ್ಲಿ ಒಂದು ಜಾಗ ಖಾಲಿ ಬಿಟ್ಟಿತ್ತು: ಮುಚ್ಚಲು ಕಾರಣ, ಸ್ವಂತ ಕೈಬರಹದಲ್ಲಿ.

ಅವನು ಪೆನ್ನಿನ ಮುಚ್ಚಳ ತೆಗೆದ. ಒಂದೇ ಪದ ಬರೆದ. ಗುಮಾಸ್ತ ಅದನ್ನು ನೋಡಿ ಕನ್ನಡಕ ಮೇಲೆ ಸರಿಸಿದ.

"ಇದೇನ್ರೀ? ಹೆದರಿಕೆ ಅಂತ ಬರೆದಿದ್ದೀರಿ?"

"ಹೌದು ಸ್ವಾಮಿ."

"ಹೀಗೆಲ್ಲ ಬರೆಯೋ ಹಾಗಿಲ್ಲ. ನಷ್ಟದಲ್ಲಿದೆ ಅಂತ ಬರೀರಿ. ಎಲ್ಲರೂ ಹಾಗೇ ಬರೆಯೋದು."

"ನಷ್ಟ ಕ್ಲಬ್ಬಿಂದು. ಅದು ನಷ್ಟದಲ್ಲೇ ಇಷ್ಟು ವರ್ಷ ನಡೀತು. ಮುಚ್ತಿರೋದು ನಾನು. ನನಗಿರೋದು ಹೆದರಿಕೆ."

"ಮೇಲಿನವರು ನಗ್ತಾರೆ."

"ನಗಲಿ ಬಿಡಿ."

ಗುಮಾಸ್ತ ಹೆಂಡತಿಯ ಕಡೆ ನೋಡಿದ, ನೀವಾದರೂ ಹೇಳಿ ಎನ್ನುವಂತೆ. ಹೆಂಡತಿ ಕಾಗದ ಎಳೆದುಕೊಂಡು ಅದನ್ನು ಓದಿದಳು. ಅವಳ ಕಣ್ಣು ತುಂಬಿತು.

"ಸಾಕ್ಷಿ ಎಲ್ಲಿ ಹಾಕಬೇಕು?" ಎಂದು ಕೇಳಿ, ಕೆಳಗೆ ತನ್ನ ಸಹಿ ಹಾಕಿದಳು.

ಗುಮಾಸ್ತ ನಾಲ್ಕು ಕಡೆ ಮುದ್ರೆ ಒತ್ತಿ, ರಸೀದಿ ಹರಿದು ಕೊಟ್ಟ. ಈ ಭಾನುವಾರದ ಪಂದ್ಯ ರದ್ದಾಗುತ್ತದೆ, ಮೈದಾನದ ಬೀಗದ ಕೈ ಸಂಜೆಯೊಳಗೆ ತಂದೊಪ್ಪಿಸಿ ಎಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಂಬತ್ತೆಂಟು ವರ್ಷದ ಕ್ಲಬ್ಬು ಮುಗಿಯಲು ಕಾಲು ಗಂಟೆ ಹಿಡಿಯಿತು, ಅದರಲ್ಲಿ ಹೆಚ್ಚು ಹೊತ್ತು ಹೋದದ್ದು ಹುಲ್ಲಪ್ಪ ಓದುವುದರಲ್ಲಿ.

ಮೆಟ್ಟಿಲಿಳಿಯುವಾಗ ಹೆಂಡತಿ ಅವನ ತೋಳು ಹಿಡಿದುಕೊಂಡಳು. "ಆವತ್ತು ಬೀಜದ ಮೇಲೆ ನಿಂತಿದ್ರು ಅಂದ್ರಲ್ಲ, ನಿಜ ತಾನೆ?"

"ನಿಜ ಕಣೇ."

"ಈಗ ನಂಬ್ತೀನಿ."

ಎರಡನೆಯ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಯಾರೋ ಏದುಸಿರು ಬಿಡುತ್ತಾ ಹತ್ತಿ ಬರುವುದು ಕೇಳಿಸಿತು. ಡ್ರಮ್ಮಿನ ಮೇಷ್ಟ್ರು. ಎದೆಗೆ ಒಂದು ಚೀಲ ಅವಚಿಕೊಂಡಿದ್ದರು. ಇವರನ್ನು ಕಂಡು ಮುಖ ಅರಳಿತು.

"ನೀನೂ ಬಂದ್ಯಾ? ಒಳ್ಳೇದೇ ಆಯ್ತು. ಅರ್ಧಕ್ಕಿಂತ ಹೆಚ್ಚು ಸೇರಿದೆ ಕಣಯ್ಯಾ, ಹತ್ತೇ ದಿನದಲ್ಲಿ. ಶಾಲೆ ಮಕ್ಕಳು ಕೂಡ ಕೊಟ್ಟಿದ್ದಾರೆ. ಇದನ್ನ ತೋರಿಸಿ ಹರಾಜು ಹದಿನೈದು ದಿನ ಮುಂದಕ್ಕೆ ಹಾಕಿ ಅಂತ ಕೇಳೋಣ ಅಂತ ಬಂದೆ. ನಡಿ, ನೀನೂ ಜೊತೇಲಿದ್ರೆ ಇನ್ನೂ ಒಳ್ಳೇದು."

ಹುಲ್ಲಪ್ಪ ಗೋಡೆಗೆ ಒರಗಿದ. ಹೆಂಡತಿಯ ಬೆರಳುಗಳು ಅವನ ತೋಳನ್ನು ಬಿಗಿಯಾಗಿ ಹಿಡಿದವು. ಅವಳೇ ಹೇಳಿಬಿಡುತ್ತಾಳೆಂದು ಅವನು ಒಂದು ಕ್ಷಣ ಕಾದ. ಅವಳು ಮೇಷ್ಟ್ರ ಚೀಲವನ್ನೇ ನೋಡುತ್ತಿದ್ದಳು.

"ನಾನು ಸಹಿ ಹಾಕಿ ಬಂದೆ, ಮೇಷ್ಟ್ರೇ."

"ಯಾವುದಕ್ಕೆ?"

"ಮುಚ್ಚೋದಕ್ಕೆ."

ಮೇಷ್ಟ್ರು ಒಮ್ಮೆ ಮೇಲೆ ನೋಡಿದರು, ಒಮ್ಮೆ ಚೀಲ ನೋಡಿದರು.

"ಯಾವಾಗ?"

"ಈಗಷ್ಟೇ. ಹತ್ತು ನಿಮಿಷ ಆಗಿರಬೇಕು."

ಮೇಷ್ಟ್ರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವರನ್ನು ದಾಟಿ ಇಳಿಯಲು ಜಾಗವಿರಲಿಲ್ಲ. ಗಂಡ ಹೆಂಡತಿ ಅವರ ಹಿಂದೆ, ಅವರು ಏಳುವ ತನಕ, ನಿಂತೇ ಇದ್ದರು.